ಹಣ್ಣು ಕೊಯ್ಲಿನ ಸಂಶೋಧನೆಗೆ ಬೆಳೆಗಾರರನ್ನೂ ಉದ್ಯಮದವರನ್ನೂ ಯಾವಾಗ ಕರೆಯಬೇಕು?

ರಾಯಚೂರಿನಲ್ಲಿ ಕೃಷಿ ಎಂಜಿನಿಯರಿಂಗ್ ಓದುತ್ತಿರುವ ನೀವು ಹಣ್ಣು ಕೊಯ್ಯುವ ಸಾಧನವೊಂದನ್ನು ರೂಪಿಸುತ್ತಿದ್ದೀರಿ, ಬೆಳೆಗಾರರನ್ನೂ ಕಂಪನಿಗಳನ್ನೂ ಯಾವ ಹಂತದಲ್ಲಿ ಸೇರಿಸಿಕೊಳ್ಳಬೇಕು ಎಂದು ಕೇಳಿದ್ದೀರಿ. ಕೊಪ್ಪಳ ಜಿಲ್ಲೆಯ ಕುಷ್ಟಗಿ ತಾಲ್ಲೂಕಿನಲ್ಲಿ ದಾಳಿಂಬೆ ಮತ್ತು ಕೇಸರ್ ಮಾವು ಬೆಳೆಯುವವನಾಗಿ ಹೇಳುತ್ತೇನೆ: ನಕ್ಷೆ ಬರೆಯುವ ಮೊದಲೇ ಕರೆಯಿರಿ. ಅದಕ್ಕೂ ಮೊದಲು, ಕೊಯ್ಲಿನ ದಿನ ಆ ಹಣ್ಣು ಯಾರ ಕೈಯಲ್ಲಿರುತ್ತದೆ ಎಂಬುದನ್ನು ವಿಚಾರಿಸಿಕೊಳ್ಳಿ.

ಎಷ್ಟೋ ಮಾವಿನ ತೋಟಗಳನ್ನು ಕಾಯಿ ಮರದಲ್ಲಿರುವಾಗಲೇ ಗುತ್ತಿಗೆಗೆ ಕೊಟ್ಟಿರುತ್ತಾರೆ. ಕೊಯ್ಯುವವರು ಗುತ್ತಿಗೆದಾರನ ಆಳುಗಳು. ದಾಳಿಂಬೆಯಲ್ಲೂ ಅನೇಕ ಸಲ ವ್ಯಾಪಾರಿಯೇ ತನ್ನ ತಂಡವನ್ನು ಕರೆತರುತ್ತಾನೆ. ಹೀಗಿರುವಾಗ ಬೆಳೆಗಾರರ ಸಭೆ ಸೇರಿಸಿ, ಕೊಯ್ಲಿನಲ್ಲಿ ಎಷ್ಟು ಹಾನಿಯಾಗುತ್ತದೆ ಎಂದು ಕೇಳಿದರೆ, ಕತ್ತರಿ ಹಿಡಿಯದವರ ಅಂದಾಜು ಮಾತ್ರ ನಿಮ್ಮ ಪುಸ್ತಕಕ್ಕೆ ಸೇರುತ್ತದೆ. ಮರ ಹತ್ತುವವರನ್ನು, ಕೆಳಗೆ ಕುಳಿತು ಹಣ್ಣು ವಿಂಗಡಿಸುವ ಹೆಣ್ಣುಮಕ್ಕಳನ್ನು ಕೇಳಿ. ಅವರನ್ನು ಸಭೆಗೆ ಕರೆದರೆ ಒಂದು ದಿನದ ಕೂಲಿ ಹೋಗುತ್ತದೆ. ಆ ಕೂಲಿಯನ್ನು ಯೋಜನೆಯ ಖರ್ಚಿನಲ್ಲೇ ಇಡಿ.

ಹಣದ ಲೆಕ್ಕವೂ ಇಲ್ಲಿಯೇ ಬರುತ್ತದೆ. ಬಲಿತ ಕಾಯಿಗಳನ್ನಷ್ಟೇ ಆರಿಸಿ ಎರಡು ಮೂರು ಸಲ ಕೊಯ್ಯುವುದು ಒಳ್ಳೆಯದೆಂದು ಗುತ್ತಿಗೆದಾರನಿಗೂ ಗೊತ್ತು. ಆದರೆ ಪ್ರತಿ ಸಲವೂ ಕೂಲಿ ಕೊಡಬೇಕು, ನಡುವೆ ಗಾಳಿ ಮಳೆ ಬಂದರೆ ನಷ್ಟ ಅವನದೇ. ಹಾಗಾಗಿ ಒಂದೇ ಏಟಿಗೆ ಎಲ್ಲವನ್ನೂ ಇಳಿಸಿಬಿಡುತ್ತಾನೆ. ಗಾಯವಿಲ್ಲದ, ಸರಿಯಾಗಿ ಬಲಿತ ಹಣ್ಣಿಗೆ ಹೆಚ್ಚು ದರ ಸಿಗದಿದ್ದರೆ ನಿಮ್ಮ ಸಾಧನ ಎಷ್ಟೇ ನಾಜೂಕಾಗಿದ್ದರೂ ಗೋದಾಮಿನ ಮೂಲೆ ಸೇರುತ್ತದೆ. ಉದ್ಯಮದವರು ಬೇಕಾಗುವುದು ಈ ಕಾರಣಕ್ಕೆ. ಖರೀದಿಸುವ ಕಂಪನಿಯಾಗಲಿ ರಫ್ತುದಾರರಾಗಲಿ, ಯಾವ ಗುಣಕ್ಕೆ ಎಷ್ಟು ಹೆಚ್ಚು ಕೊಡುತ್ತೇವೆ ಎಂದು ಆರಂಭದಲ್ಲೇ ಹೇಳಬೇಕು. ಸಾಧ್ಯವಾದರೆ ಬರೆದುಕೊಡಬೇಕು.

ಎರಡು ಹಣ್ಣುಗಳಿಗೂ ಒಂದೇ ಸಾಧನ ಸಾಕೆಂದು ಮಾತ್ರ ಹೊರಡಬೇಡಿ. ಮಾವಿಗೆ ಉದ್ದ ತೊಟ್ಟು ಬಿಟ್ಟು ಕತ್ತರಿಸಬೇಕು, ಇಲ್ಲದಿದ್ದರೆ ಸೊನೆ ಚಿಮ್ಮಿ ಸಿಪ್ಪೆ ಸುಟ್ಟ ಹಾಗೆ ಕಪ್ಪಾಗುತ್ತದೆ. ದಾಳಿಂಬೆಯ ತೊಟ್ಟನ್ನು ಹಣ್ಣಿಗೆ ಹತ್ತಿರವೇ ಕತ್ತರಿಸಬೇಕು, ಉಳಿದ ಕಡ್ಡಿ ಕ್ರೇಟಿನಲ್ಲಿ ಪಕ್ಕದ ಹಣ್ಣನ್ನು ಚುಚ್ಚುತ್ತದೆ. ಎಳೆದು ಕಿತ್ತರೆ ಸಿಪ್ಪೆ ಹರಿದು ಕೊಳೆಯುತ್ತದೆ. ಮಾವು ಕೊಯ್ದ ಮೇಲೂ ಹಣ್ಣಾಗುತ್ತದೆ, ದಾಳಿಂಬೆ ಆಗುವುದಿಲ್ಲ. ಎಳೆಯದನ್ನು ಕೊಯ್ದರೆ ಅದು ಎಳೆಯದೇ. ದಾಳಿಂಬೆಯ ಭಗವಾ ತಳಿ ಬಲಿಯಲು ಹೂ ಬಿಟ್ಟಾಗಿನಿಂದ ಸುಮಾರು 180 ದಿನ ಬೇಕು. ಒಂದೇ ಗಿಡದಲ್ಲಿ ಹೂ ಬೇರೆ ಬೇರೆ ವಾರ ಬಿಟ್ಟಿರುತ್ತವೆ, ಹೊರಗಿನ ಕೆಂಪು ಬಣ್ಣವೊಂದನ್ನೇ ನಂಬುವ ಹಾಗಿಲ್ಲ. ನಿಮ್ಮ ಹಾಗೆ ಓದಿದವರು ಕತ್ತರಿಗಿಂತ ಮೊದಲು ಈ ಬಲಿತ ಹದ ಗುರುತಿಸುವ ಸುಲಭ ದಾರಿ ಹುಡುಕಿಕೊಟ್ಟರೆ ನಮಗೆ ದೊಡ್ಡ ಉಪಕಾರ.

ಪ್ರಯೋಗದ ಸಮಯದ ಬಗ್ಗೆ ಮುಲಾಜಿಲ್ಲದೆ ಹೇಳುತ್ತೇನೆ. ಸರ್ಕಾರಿ ಲೆಕ್ಕಪತ್ರದ ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತದೆ, ನಮ್ಮ ಮಾವಿನ ಕೊಯ್ಲು ಜೋರಾಗುವುದು ಆಮೇಲೆ. ವರದಿ ಮುಗಿಸುವ ಅವಸರಕ್ಕೆ ಎಳೆ ಕಾಯಿಯ ಮೇಲೆ ಪರೀಕ್ಷೆ ನಡೆಸಿದರೆ ಯಾರಿಗೂ ಉಪಯೋಗವಿಲ್ಲ. ಅನುದಾನ ಕೇಳುವಾಗಲೇ ಎರಡು ಹಂಗಾಮುಗಳನ್ನು ಸೇರಿಸಿ ಬರೆಯಿರಿ. ಪರೀಕ್ಷೆಯಲ್ಲಿ ಕೆಟ್ಟ ಹಣ್ಣಿಗೆ ಅಂದಿನ ಮಾರುಕಟ್ಟೆ ದರ ಕೊಡುವ ಒಪ್ಪಂದವೂ ಇರಲಿ. ಸಾಧನ ತಯಾರಿಸಬಲ್ಲ, ಮುರಿದರೆ ರಿಪೇರಿ ಮಾಡಿಕೊಡಬಲ್ಲ ಸ್ಥಳೀಯ ವರ್ಕ್‌ಶಾಪಿನವರೂ ನನ್ನ ದೃಷ್ಟಿಯಲ್ಲಿ ಉದ್ಯಮದವರೇ, ಅವರನ್ನು ಮರೆಯಬೇಡಿ.

ಸಂಪರ್ಕಕ್ಕೆ ಮುನಿರಾಬಾದ್‌ನ ತೋಟಗಾರಿಕೆ ಕಾಲೇಜು, ಗಂಗಾವತಿಯ ಕೃಷಿ ವಿಜ್ಞಾನ ಕೇಂದ್ರ ಹತ್ತಿರದಲ್ಲಿವೆ. ದಾಳಿಂಬೆಯ ತಾಂತ್ರಿಕ ವಿಷಯಕ್ಕೆ ಸೊಲ್ಲಾಪುರದ ರಾಷ್ಟ್ರೀಯ ದಾಳಿಂಬೆ ಸಂಶೋಧನಾ ಕೇಂದ್ರವನ್ನು ಕೇಳಿ. ಕೊಪ್ಪಳದಲ್ಲಿ ತೋಟಗಾರಿಕೆ ಇಲಾಖೆ ಮಾವು ಮೇಳ ನಡೆಸುವಾಗ ಬನ್ನಿ: ತಾವೇ ಕೊಯ್ದು ತಾವೇ ಮಾರುವ ಬೆಳೆಗಾರರು ಅಲ್ಲಿ ಸಿಗುತ್ತಾರೆ, ನಿಮ್ಮ ಮೊದಲ ಮಾದರಿಯನ್ನು ಅವರ ಕೈಗೇ ಕೊಡಿ.