ಗಡ್ಡೆಯಲ್ಲಿ ರಕ್ತದ ಗುಂಪಿನ ಗುರುತು

ಪ್ರಶ್ನೆ: ‘ಎ’ ಗುಂಪಿನ ನಮ್ಮ ತಂದೆಯವರಿಗೆ ದೊಡ್ಡ ಕರುಳಿನ ಕೆಳಭಾಗದಲ್ಲಿ ಕ್ಯಾನ್ಸರ್ ಇದೆ. ಇಂಥ ಗಡ್ಡೆಯಲ್ಲಿ ರಕ್ತದ ಗುಂಪಿನ ಗುರುತು ಹೊಸದಾಗಿ ಮೂಡುತ್ತದೆಯೇ?
– ಓದುಗರೊಬ್ಬರು, ಗದಗ

ಉತ್ತರ: ಅನೇಕರಲ್ಲಿ ಮೂಡುತ್ತದೆ, ಆದರೆ ಅದು ಹೊಸದಲ್ಲ, ಹಳೆಯದರ ಮರಳಿಕೆ. ಈ ಗುರುತು ಜೀವಕೋಶದ ಮೇಲಿನ ಸಕ್ಕರೆಯ ಸರಪಳಿ. ಒಂದು ಕಿಣ್ವ ಅದರ ತುದಿಗೆ ಫ್ಯೂಕೋಸ್ ಎಂಬ ಸಕ್ಕರೆಯನ್ನು ಸೇರಿಸಿ ‘ಎಚ್’ ಗುರುತನ್ನು ಕಟ್ಟಿದ ಮೇಲಷ್ಟೇ ‘ಎ’ ಕಿಣ್ವ ತನ್ನ ಸಕ್ಕರೆಯನ್ನು ಕೂಡಿಸಬಲ್ಲದು. ಭ್ರೂಣದ ಕರುಳಿನಲ್ಲಿರುವ ಈ ಗುರುತು ವಯಸ್ಕರ ಕರುಳಿನ ಕೆಳಭಾಗದಲ್ಲಿ ಅಳಿದಿರುತ್ತದೆ. ಅಲ್ಲಿ ಗಡ್ಡೆ ಬೆಳೆದಾಗ ಮೊದಲ ಕಿಣ್ವದ ಚಟುವಟಿಕೆ ಹೆಚ್ಚುತ್ತದೆ. ಈ ಗುರುತಿಗೆ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುವ ಕರುಳಿನ ತೆಳುಪದರದಲ್ಲಿ ಪಕ್ಕದ ಲೋಳೆಪೊರೆ ಮಸುಕಾಗಿದ್ದು, ಗಡ್ಡೆಯ ಕೋಶಗಳಷ್ಟೇ ಕಂದಾಗಿ ಎದ್ದು ಕಾಣುವುದು ಇದರಿಂದಲೇ. ತಂದೆಯವರಿಗೆ ರಕ್ತ ಕೊಡುವಾಗ ಗಡ್ಡೆಯ ಗುರುತನ್ನಲ್ಲ, ಅವರ ರಕ್ತವನ್ನೇ ಪರೀಕ್ಷಿಸಿ ಹೊಂದಿಸುತ್ತಾರೆ. ದಯವಿಟ್ಟು ಈ ಕಾರಣಕ್ಕೆ ಹೆದರಿ ಶಸ್ತ್ರಚಿಕಿತ್ಸೆಯನ್ನು ಮುಂದೂಡಬೇಡಿ.