ಹಂಚಿನ ಮೇಲಿನ 1865

ಪ್ರಶ್ನೆ: ಕಾರವಾರದ ಪೇಟೆಯಲ್ಲಿ ನಮ್ಮ ಮನೆತನದ ಎರಡಂತಸ್ತಿನ ಹಳೆಯ ಹೋಟೆಲ್ ಕಟ್ಟಡವಿದೆ. ಕೆಳಗೆ ತಿಂಡಿ-ಊಟ, ಮೇಲೆ ಉಳಿಯುವವರಿಗೆ ಎಂಟು ಕೋಣೆಗಳು. ಈ ಸಲ ಮಳೆಗೆ ಮುಂಚೆ ಹಂಚು ಕೈಯಾಡಿಸುವಾಗ ಅದರ ಬೆನ್ನಿನಲ್ಲಿ ಬಾಸೆಲ್ ಮಿಶನ್ನಿನ ಹೆಸರೂ 1865 ಎಂಬ ಇಸವಿಯೂ ಕಂಡವು. ಮಹಡಿಯ ಕೆಳಗಿನ ಕಬ್ಬಿಣದ ತೊಲೆಯ ಮೇಲೆ ಟಾಟಾ ಎಂದಿದೆ. ಕಟ್ಟಡ 1865ರದೆಂದು ಹೇಳಬಹುದೇ?
— ಓದುಗರೊಬ್ಬರು, ಕಾರವಾರ

ಉತ್ತರ: ಹೇಳಲಾಗದು. ಆ ಇಸವಿ ಹಂಚು ಸುಟ್ಟ ವರ್ಷವಲ್ಲ, ಕಾರ್ಖಾನೆ ಹುಟ್ಟಿದ ವರ್ಷ. ಮಂಗಳೂರಿನಲ್ಲಿ ಜಾರ್ಜ್ ಪ್ಲೆಬ್ಸ್ಟ್ ಅವರ ಮುಂದಾಳುತನದಲ್ಲಿ ಬಾಸೆಲ್ ಮಿಶನ್ ಎಂಬ ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯವರು 1865ರಲ್ಲಿ ಹಂಚಿನ ಕಾರ್ಖಾನೆ ತೆರೆದರು. ಆಮೇಲೆ ದಶಕಗಟ್ಟಲೆ ಅದೇ ಇಸವಿಯನ್ನು ಅಂಗಡಿಯ ಬೋರ್ಡಿನಂತೆ ಅಚ್ಚಿನಲ್ಲಿ ಉಳಿಸಿಕೊಂಡರು. ಮಂಗಳೂರಿನ ಇನ್ನೊಂದು ಕಾರ್ಖಾನೆಯಾದ ಆಲ್ಬುಕರ್ಕ್‌ನ ಹಂಚಿನ ಮೇಲಿರುವ 1868ಕ್ಕೂ ಇದೇ ಮಾತು. ಮೊದಲ ಮಹಾಯುದ್ಧದ ತರುವಾಯ ಮಿಶನ್ನಿನ ಕಾರ್ಖಾನೆ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಬ್ರಿಟಿಷ್ ಸಂಸ್ಥೆಯ ಕೈಸೇರಿದ್ದರಿಂದ, ಮಿಶನ್ನಿನ ಹೆಸರಿರುವ ಹಂಚು ಬಹುಮಟ್ಟಿಗೆ ಅದಕ್ಕೂ ಹಿಂದಿನದು ಎನ್ನಬಹುದು. ಆದರೆ ಹಂಚು ಒಂದು ಮಾಡಿನಿಂದ ಇನ್ನೊಂದು ಮಾಡಿಗೆ ಹೋಗುವ ವಸ್ತು. ಬಿದ್ದ ಮನೆಯ ಹಂಚನ್ನು ಕೊಂಡು ತಂದು ಹೊದಿಸುವುದು ನಮ್ಮಲ್ಲಿ ಇಂದಿಗೂ ಇದೆ.

ನಿಮ್ಮ ಕಟ್ಟಡದಲ್ಲಿ ಹೆಚ್ಚು ನಂಬಬೇಕಾದ ಸಾಕ್ಷಿ ತೊಲೆ. ಈಗ ಜಮ್ಶೆಡ್‌ಪುರ ಎನಿಸಿಕೊಂಡಿರುವ ಊರಿನಲ್ಲಿ ಟಾಟಾ ಕಂಪನಿಯ ಉಕ್ಕು ಹೊರಬಂದದ್ದು 1912ರಲ್ಲಿ. ಆ ಮುದ್ರೆಯ ತೊಲೆ ಅದಕ್ಕೂ ಮುಂಚೆ ಕಾರವಾರದ ಗೋಡೆ ಏರುವುದು ಸಾಧ್ಯವಿಲ್ಲ. ತೊಲೆಯು ಕಟ್ಟಡದೊಡನೆಯೇ ಬಂದದ್ದೋ, ಜಂತಿಗೆ ಗೆದ್ದಲು ಹಿಡಿದ ಮೇಲೆ ಸೇರಿಸಿದ್ದೋ ಎಂಬುದನ್ನು ಮಾತ್ರ ನೋಡಬೇಕು. ಏಣಿ ಹಾಕಿ ತೊಲೆಯ ತುದಿ ಗೋಡೆಯಲ್ಲಿ ಕೂತ ಜಾಗಕ್ಕೆ ಟಾರ್ಚು ಹಿಡಿಯಿರಿ. ಕೆಳಗೆ ಇಡಿಯಾದ ಗಟ್ಟಿಕಲ್ಲು ಚಿರೇಕಲ್ಲಿನ ವರಸೆಯೊಳಗೇ ಹೊಂದಿಕೊಂಡು, ಸುತ್ತ ಸುಣ್ಣದ ಗಾರೆಯಿದ್ದರೆ ತೊಲೆ ಮೂಲದ್ದು. ಕಲ್ಲನ್ನು ಒರಟಾಗಿ ಕೊರೆದು, ಸಂದಿಗೆ ಹಂಚಿನ ಚೂರೂ ಸಿಮೆಂಟೂ ತುರುಕಿದ್ದರೆ ಆಮೇಲಿನದು. ಕೆಳಗಿನ ನೆಲದಲ್ಲಿ ಬಣ್ಣದ ಹೂಬಳ್ಳಿಯ ಸಿಮೆಂಟು ಬಿಲ್ಲೆಗಳಿದ್ದರೆ ಒಂದನ್ನು ಮಗುಚಿ ನೋಡಿ: ಮುಂಬೈಯ ಭಾರತ್ ಕಂಪನಿಯ ಬಿಲ್ಲೆಯಾದರೆ ಆ ನೆಲ 1922ಕ್ಕಿಂತ ಹಳೆಯದಲ್ಲ, ಆ ಕಂಪನಿ ಶುರುವಾದದ್ದೇ ಆ ವರ್ಷ.

ಕಟ್ಟಡ 1865ರದಲ್ಲ, ಆಮೇಲಿನದು ಎಂಬ ಕಡೆಗೇ ಊರಿನ ಕತೆಯೂ ವಾಲುತ್ತದೆ. 1862ರಲ್ಲಿ ಉತ್ತರ ಕನ್ನಡವು ಮದ್ರಾಸಿನಿಂದ ಮುಂಬೈ ಪ್ರಾಂತಕ್ಕೆ ಸೇರಿ, ಕಾರವಾರವು ಜಿಲ್ಲೆಯ ಮುಖ್ಯಠಾಣೆಯಾಯಿತು. ಅಮೆರಿಕದ ಅಂತರ್ಯುದ್ಧದಿಂದ ಹತ್ತಿಗೆ ಬರ ಬಂದಿದ್ದ ಆ ಕಾಲದಲ್ಲಿ ಧಾರವಾಡದ ಹತ್ತಿಯನ್ನು ಸದಾಶಿವಗಡ-ಕಾರವಾರದ ಬಂದರಿನಿಂದ ಮ್ಯಾಂಚೆಸ್ಟರಿಗೆ ಸಾಗಿಸುವ ದೊಡ್ಡ ಆಸೆಯಿತ್ತು. ಆದರೆ 1880ರ ದಶಕದಲ್ಲಿ ರೈಲು ಗೋವೆಯ ಮರ್ಮಗೋವಾಕ್ಕೆ ಹೋದದ್ದರಿಂದ ಹತ್ತಿಯೂ ಅತ್ತಲೇ ಹೋಯಿತು. ನಮ್ಮ ಕರಾವಳಿಗೆ ರೈಲು ಬರಲು 1990ರ ದಶಕದ ತನಕ ಕಾಯಬೇಕಾಯಿತು. ಹೀಗಾಗಿ ಇಲ್ಲಿ ಕೋಣೆ ಬಾಡಿಗೆಗೆ ಹಿಡಿದವರು ಹತ್ತಿಯ ಸಾಹುಕಾರರಿಗಿಂತ ಹೆಚ್ಚಾಗಿ, ಆಗಬೋಟಿನಿಂದ (ಉಗಿಹಡಗಿನಿಂದ) ಇಳಿದವರು ಮತ್ತು ಕೋರ್ಟಿನ ತಾರೀಖಿಗೆಂದು ಘಟ್ಟ ಇಳಿದು ಬಂದ ಶಿರಸಿ, ಸಿದ್ದಾಪುರ, ಹಳಿಯಾಳದ ಕಕ್ಷಿದಾರರು. ಮಳೆಗಾಲದಲ್ಲಿ ಆಗಬೋಟು ನಿಲ್ಲುತ್ತಿತ್ತು, ತಾರೀಖು ನಿಲ್ಲುತ್ತಿರಲಿಲ್ಲ. ಹೋಟೆಲಿನವರನ್ನು ಬದುಕಿಸಿದ್ದು ವ್ಯಾಜ್ಯವೇ ಇರಬೇಕೆಂದು ನನ್ನ ಗುಮಾನಿ.

ಇಂಥ ಕಟ್ಟಡಗಳ ಮೆಟ್ಟಿಲು ಹೊರಮಗ್ಗುಲಿಗೆ ಇರುವುದೂ ಇದಕ್ಕೆ ಹೊಂದುತ್ತದೆ: ರಾತ್ರಿ ತಡವಾಗಿ ಬಂದವನಿಗಾಗಿ ಊಟದ ಕೋಣೆಯ ಬಾಗಿಲು ತೆಗೆಯಬೇಕಿಲ್ಲ. ನಿಮ್ಮಲ್ಲಿಯೂ ಹಾಗೆಯೇ ಇದ್ದರೆ, ಮಹಡಿಯನ್ನು ಮೊದಲಿಂದಲೂ ಬಾಡಿಗೆಗೆಂದೇ ಯೋಚಿಸಿ ಕಟ್ಟಿದ್ದು ಎನ್ನಬಹುದು. ಇವೆಲ್ಲ ಅಂದಾಜು ಕೊಡುತ್ತವೆ. ಕಾಗದದ ಪುರಾವೆಗೆ ನಗರಸಭೆಯ ಹಳೆಯ ತೆರಿಗೆ ಪುಸ್ತಕದಲ್ಲಿ ಆ ನಿವೇಶನವು ಖಾಲಿ ಜಾಗವೆಂದು ಕಡೆಯ ಸಲ ನಮೂದಾದ ವರ್ಷವನ್ನು ಹುಡುಕಿಸಿ.

ಪ್ರಶ್ನೆ: ಅದೇ ಕಟ್ಟಡದ ಗೋಡೆಯ ಗಾರೆ ಉದುರುತ್ತಿದೆ. ಸಿಮೆಂಟು ಮೆತ್ತಿಸಲೇ?

ಉತ್ತರ: ದಯವಿಟ್ಟು ಬೇಡ. ಚಿರೇಕಲ್ಲು ತೂತುತೂತಾದ ಕಲ್ಲು. ನೆಲದಿಂದ ಆಗಷ್ಟೇ ಕಡಿದಾಗ ಮೆದುವಾಗಿದ್ದು ಗಾಳಿಗೆ ಗಟ್ಟಿಯಾಗುವ ಈ ಕಲ್ಲು ಮಳೆಗಾಲವಿಡೀ ನೀರು ಹೀರುತ್ತದೆ, ಮುಂದೆ ಬಿಸಿಲಿಗೆ ಬಿಟ್ಟುಕೊಡುತ್ತದೆ. ಸುಣ್ಣದ ಗಾರೆಯ ಮೂಲಕ ಆ ತೇವ ಹೊರಗೆ ಹೋಗಲು ಸಾಧ್ಯ. ಸಿಮೆಂಟು ದಾರಿ ಕಟ್ಟುತ್ತದೆ, ಉಪ್ಪು ಒಳಗೇ ಹರಳುಗಟ್ಟಿ ಎರಡು ಮೂರು ಮಳೆಗಾಲದಲ್ಲಿ ಸಿಮೆಂಟು ಕಲ್ಲಿನ ಮೈಯನ್ನೂ ಕಿತ್ತುಕೊಂಡು ಹಪ್ಪಳದಂತೆ ಏಳುತ್ತದೆ. ಚಿಪ್ಪಿನ ಸುಣ್ಣವನ್ನು ಚೆನ್ನಾಗಿ ಕೊಳೆಹಾಕಿ, ಮರಳು ಕೂಡಿಸಿ, ತೆಳುವಾಗಿ ಎರಡು ಸಲ ಬಳಿಸಿ. ಮೊದಲ ಕೈ ಒಣಗಿದ ಮೇಲೆಯೇ ಎರಡನೆಯದು. ಅದಕ್ಕೂ ಮುಂಚೆ ಸೂರಂಚಿನ ಒಡೆದ ಹಂಚು ಬದಲಿಸಿ, ಏಕೆಂದರೆ ನೀವು ಕಳಿಸಿದ ಚಿತ್ರದಲ್ಲಿ ಗಾರೆ ಉದುರಿದ ಪಟ್ಟೆಯು ನೇರವಾಗಿ ಅದರ ಕೆಳಗೇ ಇದೆ.