ಅಂಗಳದ ಕ್ಯಾಮೆರಾ, ಮಾಳಿಗೆಯ ಆಟ

ಪ್ರಶ್ನೆ: ನಮಸ್ಕಾರ ಮೇಡಂ. ತೀರ್ಥಹಳ್ಳಿ ಸಮೀಪದ ನಮ್ಮ ಮನೆಗೆ ಫೈಬರ್ ಸಂಪರ್ಕ ಬಂದು ಎರಡು ವರ್ಷವಾಯಿತು. ಡೌನ್‌ಲೋಡ್ 50 ಎಂಬಿಪಿಎಸ್, ಅಪ್‌ಲೋಡ್ 10. ಮಾಳಿಗೆಯ ಕೋಣೆಯಲ್ಲಿ ಕುಳಿತು ವ್ಯಾಲರಂಟ್ ಎಂಬ ಆನ್‌ಲೈನ್ ಆಟ ಆಡುತ್ತೇನೆ. ಹಗಲಿನಲ್ಲಿ ಪಿಂಗ್ 35 ಮಿಲಿಸೆಕೆಂಡ್ ಇರುತ್ತದೆ. ಈಗ ಒಂದು ತಿಂಗಳಿನಿಂದ ರಾತ್ರಿ ಏಳಾದರೆ ಸಾಕು, 200 ದಾಟುತ್ತದೆ. ಕಂಪನಿಯವರು 100 ಎಂಬಿಪಿಎಸ್ ಪ್ಲಾನ್ ಹಾಕಿಸಿಕೊಳ್ಳಿ ಎನ್ನುತ್ತಾರೆ. ಅಪ್ಪ ಒಪ್ಪುವುದಿಲ್ಲ. ಅಡಿಕೆ ಕಳ್ಳರ ಭಯಕ್ಕೆ ಅಂಗಳಕ್ಕೆ ನಾಲ್ಕು ಕ್ಯಾಮೆರಾ ಹಾಕಿಸಿ ಈಗಷ್ಟೇ ಖರ್ಚಾಗಿದೆ, ಆಟಕ್ಕೆ ಮತ್ತೆ ದುಡ್ಡು ಸುರಿಯುವುದಿಲ್ಲ ಎನ್ನುತ್ತಾರೆ. ಏನು ಮಾಡಲಿ?
– ದ್ವಿತೀಯ ಪಿಯುಸಿ ವಿದ್ಯಾರ್ಥಿ

ಉತ್ತರ: ನನ್ನ ಮಗನಿಗಿಂತ ಚಿಕ್ಕವನು ನೀನು, ಏಕವಚನದಲ್ಲೇ ಬರೆಯುತ್ತೇನೆ. ಅಪ್ಪ ಒಪ್ಪದಿರುವುದು ಒಳ್ಳೆಯದೇ ಆಯಿತು. ನಿನ್ನ ತೊಂದರೆಯ ಸುಳಿವು ನಿನ್ನ ಪತ್ರದಲ್ಲೇ ಇದೆ, ಅದನ್ನು ನೀನು ಖರ್ಚಿನ ಲೆಕ್ಕದಲ್ಲಿ ಸೇರಿಸಿಬಿಟ್ಟಿದ್ದೀಯೆ.

ಮೊದಲು ನಿನ್ನ 35ರ ವಿಚಾರ. ಪಿಂಗ್ ಎಂದರೆ ನೀನು ಕಳುಹಿಸಿದ ಸಂದೇಶ ಸರ್ವರಿಗೆ ಹೋಗಿ ಉತ್ತರ ಮರಳಲು ಹಿಡಿಯುವ ಸಮಯ. ಫೈಬರಿನಲ್ಲಿ ಬೆಳಕು ಒಂದು ಮಿಲಿಸೆಕೆಂಡಿಗೆ ಸುಮಾರು 200 ಕಿಲೋಮೀಟರ್ ಹೋಗುತ್ತದೆ. ನೀನು ಆಡುವ ಆಟದ ಸರ್ವರ್ ಮುಂಬೈಯಲ್ಲಿದೆ. ನಿಮ್ಮೂರಿನಿಂದ ಬೆಂಗಳೂರಿಗೆ, ಅಲ್ಲಿಂದ ಮುಂಬೈಗೆ ಎಂದು ಹಿಡಿದರೆ 1,300 ಕಿಲೋಮೀಟರಿನ ಸುತ್ತು; ಹೋಗಿ ಬರಲು ಬೆಳಕಿಗೇ 13 ಮಿಲಿಸೆಕೆಂಡ್ ಬೇಕು. ನಡುವಿನ ಯಂತ್ರಗಳ ಕೆಲಸವೂ ಸೇರಿದರೆ 35 ಎಂಬುದು ಬಹಳ ಚೆನ್ನಾಗಿರುವ ಅಂಕಿ. ಅಂದರೆ ನಿನ್ನ ಲೈನ್ ಸರಿಯಾಗಿದೆ. ರಾತ್ರಿಯಾದ ಮಾತ್ರಕ್ಕೆ ಮುಂಬೈ ದೂರವಾಗುವುದಿಲ್ಲ. ಹೆಚ್ಚುವರಿ 165 ಮಿಲಿಸೆಕೆಂಡ್ ಎಲ್ಲೋ ಒಂದು ಕಡೆ ಕಾಯುವುದರಲ್ಲಿ ಕಳೆಯುತ್ತಿದೆ.

ಎಲ್ಲಿ ಕಾಯುತ್ತಿದೆ? ನನ್ನ ಅನುಮಾನ ಅಡಿಕೆ ಅಂಗಳದ ಮೇಲೆ. ಒಂದು ಕ್ಯಾಮೆರಾ ಒಳ್ಳೆಯ ಗುಣಮಟ್ಟದ ಚಿತ್ರ ಕಳುಹಿಸಲು 2ರಿಂದ 4 ಎಂಬಿಪಿಎಸ್ ಬಳಸುತ್ತದೆ. ನಾಲ್ಕು ಸೇರಿದರೆ 8ರಿಂದ 16; ನಿನ್ನ ಅಪ್‌ಲೋಡಿನ ಹತ್ತೂ ಮುಗಿಯಬಹುದು. ರಾತ್ರಿ ಏಳರಿಂದ ಬೆಳಗಿನವರೆಗೆ ರೆಕಾರ್ಡಿಂಗ್ ಕ್ಲೌಡ್‌ಗೆ ಹೋಗುವಂತೆ ಇಟ್ಟಿದ್ದಾರೆಯೇ ಎಂದು ಅಪ್ಪನನ್ನು ಕೇಳಿ ನೋಡು.

ಹಾಲಿನ ಡೇರಿಯನ್ನು ನೆನಪಿಸಿಕೋ. ನಿನ್ನ ಕೈಯಲ್ಲಿ ಅರ್ಧ ಲೀಟರಿನ ತಂಬಿಗೆ, ಮುಂದೆ ನಾಲ್ಕು ಜನ ದೊಡ್ಡ ಕ್ಯಾನು ಹಿಡಿದು ನಿಂತಿದ್ದಾರೆ. ನಿನ್ನ ಹಾಲು ಅಳೆಯಲು ಕ್ಷಣ ಸಾಕು, ಆದರೆ ಸರದಿ ಬರಬೇಕಲ್ಲ. ಆಟ ಕಳುಹಿಸುವ ಪ್ಯಾಕೆಟ್, ಅಂದರೆ ಮಾಹಿತಿಯ ಪೊಟ್ಟಣ, ಆ ತಂಬಿಗೆಯಷ್ಟೇ ಚಿಕ್ಕದು. ರೌಟರಿನಲ್ಲಿ ಹೊರಗೆ ಹೋಗಬೇಕಾದ ಮಾಹಿತಿ 250 ಕಿಲೋಬೈಟಿನಷ್ಟು ಸರದಿಯಲ್ಲಿ ನಿಂತಿದೆ ಎಂದುಕೋ. ಅದು 20 ಲಕ್ಷ ಬಿಟ್. ನಿನ್ನ ಲೈನ್ ಸೆಕೆಂಡಿಗೆ ಒಂದು ಕೋಟಿ ಬಿಟ್ ಸಾಗಿಸುತ್ತದೆ. ಆ ಸರದಿ ಕರಗಲು 200 ಮಿಲಿಸೆಕೆಂಡ್ ಬೇಕು. ನೀನು ಬರೆದ ಅಂಕಿಗೆ ಇದು ಹತ್ತಿರವಿರುವುದನ್ನು ಗಮನಿಸು. ಇದಕ್ಕೆ ಬಫರ್‌ಬ್ಲೋಟ್ ಎಂದು ಹೆಸರು. ಜಿಮ್ ಗೆಟ್ಟಿಸ್ ಎಂಬ ಅಮೆರಿಕದ ಎಂಜಿನಿಯರ್ 2010ರಲ್ಲಿ ತಮ್ಮ ಮನೆಯಿಂದ ದೊಡ್ಡ ಕಡತಗಳನ್ನು ಕಳುಹಿಸುವಾಗ ಇದನ್ನು ಗುರುತಿಸಿ, ಜಗತ್ತಿನ ಗಮನಕ್ಕೆ ತಂದರು. ನಮ್ಮ ಮನೆಯಲ್ಲಿ ಇದು ತಿಳಿದದ್ದು ಶಿರಸಿಯಲ್ಲಿ ಒಂದು ಮದುವೆ ಮುಗಿಸಿ ಬಂದ ರಾತ್ರಿ: ನನ್ನ ಫೋನು ಸದ್ದಿಲ್ಲದೆ ಸಾವಿರ ಚಿಲ್ಲರೆ ಫೋಟೋಗಳನ್ನು ಮೇಲೇರಿಸುತ್ತಿತ್ತು, ಮಗ ಕೋಣೆಯಿಂದ ಕೂಗುತ್ತಿದ್ದ. ನೆಟ್‌ವರ್ಕ್ ಕೆಲಸದಲ್ಲಿ ಇಪ್ಪತ್ತೆರಡು ವರ್ಷ ಕಳೆದ ನಾನೇ ಒಂದು ಗಂಟೆ ಕಂಪನಿಯನ್ನು ದೂರಿದ್ದೆ.

ಆದ್ದರಿಂದ ನನ್ನ ಅನುಮಾನವನ್ನೂ ನಂಬಬೇಡ, ಅಳೆದು ನೋಡು. ರಾತ್ರಿ ಎಂಟಕ್ಕೆ ಲ್ಯಾಪ್‌ಟಾಪ್‌ನಲ್ಲಿ ಕಮಾಂಡ್ ಪ್ರಾಂಪ್ಟ್‌ನ ಎರಡು ಕಿಟಕಿ ತೆರೆ. ಒಂದರಲ್ಲಿ ನಿನ್ನ ರೌಟರಿಗೆ (ಹಲವುಗಳ ವಿಳಾಸ 192.168.1.1), ಇನ್ನೊಂದರಲ್ಲಿ 8.8.8.8ಕ್ಕೆ (ಇದು ಗೂಗಲ್‌ನ ಸರ್ವರ್) ಪಿಂಗ್ ಕೊಡು: ಇಂಗ್ಲಿಷಿನಲ್ಲಿ ping ಎಂದು ಬರೆದು, ಜಾಗ ಬಿಟ್ಟು ವಿಳಾಸ ಹಾಕು. ವಿಳಾಸದ ನಂತರ ಒಂದು ಜಾಗ ಬಿಟ್ಟು ಅಡ್ಡಗೆರೆ, ಅದಕ್ಕೆ ತಾಗಿಸಿ ಇಂಗ್ಲಿಷಿನ ಸಣ್ಣ ‘ಟಿ’ ಅಕ್ಷರ ಹಾಕಿದರೆ ನೀನು ನಿಲ್ಲಿಸುವವರೆಗೂ ಓಡುತ್ತದೆ. ರೌಟರಿನ ಪಿಂಗೇ 50, 100 ಎಂದು ಕುಣಿದರೆ ದೋಷ ವೈಫೈಯದು. ಕೆಳಗಿನಿಂದ ಮಾಳಿಗೆಗೆ ಒಂದು ಕ್ಯಾಟ್-6 ನೆಟ್‌ವರ್ಕ್ ಕೇಬಲ್ ಎಳೆಯುವುದೇ ಅದಕ್ಕೆ ಮದ್ದು. ರೌಟರಿನದು 2, 3ರಲ್ಲೇ ನಿಂತು ಹೊರಗಿನದು ಮಾತ್ರ 200 ಆದರೆ ಅಪ್ಪನ ಅನುಮತಿ ಪಡೆದು ಐದು ನಿಮಿಷ ಕ್ಯಾಮೆರಾಗಳನ್ನು ಆರಿಸು. ಅಪ್ಪನನ್ನು ಪಕ್ಕದಲ್ಲೇ ಕೂರಿಸಿಕೋ. ಅಂಕಿ ಇಳಿಯುವುದನ್ನು ಅವರು ಕಣ್ಣಾರೆ ನೋಡಲಿ.

ಇಳಿದರೆ, ಕ್ಯಾಮೆರಾ ತೆಗೆಸು ಎಂದು ಮಾತ್ರ ಹೇಳಬೇಡ. ವರ್ಷದ ಬೆಳೆ ಆ ಅಂಗಳದಲ್ಲಿ ಒಣಗುತ್ತಿದೆ. ಕ್ಯಾಮೆರಾದ ಒಳಗೆ ಮೆಮೊರಿ ಕಾರ್ಡ್ ಹಾಕಿ ಇಡೀ ರಾತ್ರಿಯ ರೆಕಾರ್ಡಿಂಗ್ ಅಲ್ಲೇ ಉಳಿಯುವಂತೆ ಮಾಡಿ. ಯಾರಾದರೂ ಓಡಾಡಿದಾಗಿನ ತುಣುಕು ಮಾತ್ರ ಕ್ಲೌಡ್‌ಗೆ ಹೋಗಲಿ. ಕಳ್ಳ ಕ್ಯಾಮೆರಾವನ್ನೇ ಕಿತ್ತುಕೊಂಡು ಹೋದರೂ ಆ ತುಣುಕು ಉಳಿಯುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಬಿಟ್‌ರೇಟ್ (ಕ್ಯಾಮೆರಾ ಸೆಕೆಂಡಿಗೆ ಕಳುಹಿಸುವ ಮಾಹಿತಿ) ಅನ್ನು 1 ಎಂಬಿಪಿಎಸ್‌ಗೆ ಇಳಿಸಿದರೂ ಮನುಷ್ಯನ ಗುರುತು ಸಿಗುತ್ತದೆಯೇ ಎಂದು ಒಂದು ರಾತ್ರಿ ನೀನೇ ಅಂಗಳದಲ್ಲಿ ನಡೆದು ಪರೀಕ್ಷಿಸು. ರೌಟರಿನಲ್ಲಿ ಎಸ್‌ಕ್ಯೂಎಂ ಎಂಬ ಸೌಲಭ್ಯವಿದ್ದರೆ ಅಪ್‌ಲೋಡ್ ಮಿತಿಯನ್ನು 8.5ಕ್ಕೆ ಇಡು. ಸ್ವಲ್ಪ ವೇಗ ಬಿಟ್ಟುಕೊಟ್ಟಂತೆ ಕಂಡರೂ, ಉದ್ದನೆಯ ಸರದಿ ಕಟ್ಟದಂತೆ ಅದು ನೋಡಿಕೊಳ್ಳುತ್ತದೆ, ತಂಬಿಗೆಯವರನ್ನು ಮುಂದೆ ಬಿಡುತ್ತದೆ.

ಕ್ಯಾಮೆರಾ ಆರಿಸಿದರೂ ಇಳಿಯದಿದ್ದರೆ ಮನೆಯ ಫೋನುಗಳನ್ನೂ ಒಂದೊಂದಾಗಿ ವೈಫೈಯಿಂದ ಬಿಡಿಸಿ ನೋಡು. ಆಗಲೂ 200 ಇದ್ದರೆ ದಟ್ಟಣೆ ಹೊರಗಿದೆ. ಮೂರು ದಿನ ಬೆಳಿಗ್ಗೆ ಮತ್ತು ರಾತ್ರಿಯ ಅಂಕಿಗಳನ್ನು ಬರೆದಿಟ್ಟುಕೊಂಡು ಕಂಪನಿಯವರ ಮುಂದೆ ಇಡು. ಅಪ್‌ಲೋಡ್ ಹೆಚ್ಚದ ಯಾವ ದುಬಾರಿ ಪ್ಲಾನಿಗೂ ಒಪ್ಪಬೇಡ.

ಪ್ರಶ್ನೆ: ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿದ್ದೇವೆ. ಮೊಬೈಲಿನಲ್ಲಿ ಆಡುವಾಗ ಪಿಂಗ್ 30ರಿಂದ ಥಟ್ಟನೆ 150ಕ್ಕೆ ಹಾರಿ ಮತ್ತೆ ಇಳಿಯುತ್ತದೆ. ಹೊತ್ತುಗೊತ್ತಿಲ್ಲ.
– ಗೃಹಿಣಿ, ರಾತ್ರಿ ಒಂದು ಗಂಟೆ ಆಡುವವಳು

ಉತ್ತರ: ನಿಮ್ಮ ಫೋನು 2.4 ಗಿಗಾಹರ್ಟ್ಸ್ ವೈಫೈಯಲ್ಲಿರಬೇಕು. ಅಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು ಮೂರೇ: 1, 6, 11. ಇಡೀ ಕಟ್ಟಡದವರು ಅವುಗಳನ್ನೇ ಹಂಚಿಕೊಳ್ಳಬೇಕು. ಮೈಕ್ರೋವೇವ್ ಒಲೆ, ಬ್ಲೂಟೂತ್ ಎಲ್ಲವೂ ಅದೇ ಅಲೆಗಳಲ್ಲಿವೆ. 5 ಗಿಗಾಹರ್ಟ್ಸ್‌ಗೆ ಬದಲಾಯಿಸಿ. ಅದು ಗೋಡೆ ದಾಟುವುದರಲ್ಲಿ ದುರ್ಬಲ, ಆದ್ದರಿಂದ ರೌಟರ್ ಇರುವ ಕೋಣೆಯಲ್ಲೇ ಕುಳಿತು ಆಡಿ. ರೌಟರನ್ನು ಟಿವಿಯ ಹಿಂದೆ, ಕಬ್ಬಿಣದ ಬೀರುವಿನ ಪಕ್ಕ ಇಟ್ಟಿದ್ದರೆ ಇಂದೇ ಹೊರಗೆ ತನ್ನಿ.

ಪ್ರಶ್ನೆ: ಪಿಂಗ್ ಇಳಿಸುವ ಆ್ಯಪ್‌ಗಳಿಗೆ ತಿಂಗಳಿಗೆ ಹಣ ಕೊಡಬಹುದೇ?
– ಕಾಲೇಜು ವಿದ್ಯಾರ್ಥಿ, ಹುಬ್ಬಳ್ಳಿ

ಉತ್ತರ: ನಿಮ್ಮ ಕಂಪನಿ ಮುಂಬೈಗೆ ಹೋಗಬೇಕಾದ ಮಾಹಿತಿಯನ್ನು ಸಿಂಗಾಪುರ ಸುತ್ತಿಸಿ ಕಳುಹಿಸುತ್ತಿದ್ದರೆ ಮಾತ್ರ ಅಂಥ ಆ್ಯಪ್ ಬೇರೆ ದಾರಿ ಹಿಡಿಸಿ ಉಪಯೋಗಕ್ಕೆ ಬಂದೀತು. ಮನೆಯೊಳಗಿನ ಸರದಿಯನ್ನು ಅದು ಮುಟ್ಟಲಾರದು. ಮೇಲೆ ಹೇಳಿದ ಎರಡು ಕಿಟಕಿಯ ಪರೀಕ್ಷೆ ಮಾಡುವವರೆಗೆ ಒಂದು ರೂಪಾಯಿಯನ್ನೂ ಕೊಡಬೇಡಿ.